ಎರಡೂ ಕಣ್ಣು ಒಪ್ಪಿದ ಬಣ್ಣ

ಪೇಂಟರ್ ಮೊದಲ ಸಲ ಬಣ್ಣದಂಗಡಿಯ ಮೆಟ್ಟಿಲು ಹತ್ತಿದ್ದು ಇಪ್ಪತ್ತಾರು ವರ್ಷಗಳ ಹಿಂದೆ, ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ. ಹನಿಯಕ್ಕನಿಗೆ ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಣಕಲು ಆಳು, ಮೊಣಕೈವರೆಗೂ ಸುಣ್ಣದ ಪುಡಿ, ಬಲಗಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲು. ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು, ಮೊಟ್ಟೆ ಇಡುವವನ ಹಾಗೆ ಜೋಪಾನವಾಗಿ ಹಲಗೆಯ ಮೇಲಿಟ್ಟ. ಬಿಚ್ಚಿದರೆ ಒಳಗೆ ಹೆಬ್ಬೆರಳಿನ ಉಗುರಿನಷ್ಟು ಗಾರೆಯ ಚಕ್ಕೆ. ಅದರ ಒಂದು ಮೈಗೆ ಹಳೆಯ ಹಸಿರು ಬಣ್ಣ.

"ಬಣ್ಣ ಬೆರೆಸೋರು ಎಲ್ಲಿ?" ಅಂದ.

"ನಾನೇ."

ಅವನು ಅವಳ ಹೆಗಲ ಮೇಲಿಂದ ಒಳಗೆ ಇಣುಕಿದ. ಒಳಗೆ ಡಬ್ಬಗಳ ಸಾಲು ಬಿಟ್ಟರೆ ಇನ್ಯಾರೂ ಇರಲಿಲ್ಲ. "ಅಲ್ಲಮ್ಮ, ಬೆರೆಸೋರು."

"ನಿನ್ನ ಕಿವಿ ಮೇಲೆ ಪೆನ್ಸಿಲ್ ಇದೆ, ಅದಕ್ಕೇ ಕೇಳಿಸ್ತಿಲ್ಲ. ತೆಗೆದಿಟ್ಟು ಕೇಳು. ನಾನೇ."

ಗಲ್ಲಾದಲ್ಲಿದ್ದ ಸಾಹುಕಾರರು ಕಿಸಕ್ಕನೆ ನಕ್ಕರು. ಪೇಂಟರ್ ಮುಖ ಗಂಟಿಕ್ಕಿಕೊಂಡು ಚಕ್ಕೆಯನ್ನು ಅವಳತ್ತ ತಳ್ಳಿದ. ದೊಡ್ಡ ಮನೆಯ ಜಗಲಿಯ ಗೋಡೆ, ಕಿಟಕಿ ಹೊಸದಾಗಿ ಕೂರಿಸಿದ್ದಾರೆ, ಸುತ್ತ ಮೊಳದಗಲ ತೇಪೆ ಬಿದ್ದಿದೆ, ತೇಪೆ ಕಾಣಬಾರದು ಅಂತ ಮನೆಯ ಯಜಮಾನರ ಹಟ.

ಅವಳು ಬಿಳಿಯ ಬಣ್ಣವನ್ನು ಬಟ್ಟಲಿಗೆ ಹಾಕಿಕೊಂಡಳು. ಸ್ಟೈನರ್ ಅಂತ ಕರೆಯುವ ಗಾಢ ಬಣ್ಣದ ಪುಟ್ಟ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಹಸಿರು, ಹಳದಿ, ಕಪ್ಪು ಒಂದೊಂದಾಗಿ ಬಿಟ್ಟು ಕಲಕಿದಳು. ಚಪ್ಪಲಿ ಡಬ್ಬಿಯ ರಟ್ಟಿನ ಪಟ್ಟಿಯೊಂದನ್ನು ಅದ್ದಿ ತೆಗೆದಳು. ಪೇಂಟರ್ ಕತ್ತು ಚಾಚಿ ನೋಡಿ, "ಹಾಂ, ಆಯ್ತಲ್ಲ, ಅದೇ!" ಎಂದ.

"ಆಗಿಲ್ಲ. ಹಸಿ ಇದ್ದಾಗ ಎಲ್ಲಾ ಬಣ್ಣನೂ ಹೂಂ ಅನ್ನುತ್ತೆ. ಒಣಗಲಿ."

ಪಟ್ಟಿಯನ್ನು ಉರಿಯುವ ಬಲ್ಬಿನ ಪಕ್ಕ ಹಿಡಿದು ಒಣಗಿಸಿ, ಬಾಗಿಲಿನ ಬೆಳಕಿಗೆ ಒಯ್ದು, ಚಕ್ಕೆಯ ಪಕ್ಕ ಇಟ್ಟು ನೋಡಿದಳು. "ಇನ್ನೊಂದು ಹನಿ" ಅಂದು ಒಳಗೆ ಹೋದಳು. ಮತ್ತೆ ಬಂದಳು. "ಇನ್ನೊಂದು ಹನಿ." ಹೀಗೆ ಏಳು ಸಲ. ಎಂಟನೆಯ ಸಲ ಚಕ್ಕೆಯನ್ನು ಪಟ್ಟಿಯ ಮೇಲೆ ಇಟ್ಟು, "ಈಗ ಎಲ್ಲಿದೆ ಹೇಳು" ಎಂದಳು. ಪೇಂಟರ್ ಬಗ್ಗಿ ನೋಡಿದ. ಚಕ್ಕೆಯ ಅಂಚಿನ ನೆರಳು ಇಲ್ಲದಿದ್ದರೆ ಅದು ಎಲ್ಲಿದೆ ಅಂತ ಹೇಳಲು ಆಗುತ್ತಿರಲಿಲ್ಲ. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡ.

"ತಪ್ಪಾಯ್ತು ಹನಿಯಕ್ಕ" ಅಂದ. ಆ ಹೆಸರು ಅಂದಿನಿಂದ ಅಂಟಿಕೊಂಡಿತು. ಅಂಗಡಿಗೆ ಬರುವ ಪೇಂಟರುಗಳೆಲ್ಲ ಹಾಗೇ ಕರೆದರು. ಕೊನೆಗೆ ಸಾಹುಕಾರರೂ ಸಂಬಳದ ಲಕೋಟೆಯ ಮೇಲೆ ಅದನ್ನೇ ಬರೆಯತೊಡಗಿದರು.

ಅವಳು ಆ ಅಂಗಡಿಗೆ ಸೇರಿದ್ದು ಡಬ್ಬ ತೊಳೆಯುವುದಕ್ಕೆ. ಹಳ್ಳಿಯಿಂದ ಬಂದವಳು. ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿಬಿಟ್ಟಿದ್ದರು. ಬೆನ್ನಿಗೆ ಹನ್ನೆರಡು ವರ್ಷ ಚಿಕ್ಕವಳಾದ ಒಬ್ಬ ತಂಗಿ. ಮೊದಲಿದ್ದ ಬೆರಕೆಗಾರ ಒಂದು ದಿನ ಜಗಳವಾಡಿ ಬಿಟ್ಟುಹೋದಾಗ, ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದ. ಡಬ್ಬ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಎದ್ದು ಬಂದು ಬೆರೆಸಿಕೊಟ್ಟಳು. ಯಾರೂ ಕಲಿಸಿರಲಿಲ್ಲ. ನೋಡಿ ನೋಡಿ ಬಂದಿತ್ತು, ಅಷ್ಟೆ.

ಆ ಸಂಬಳದಲ್ಲಿ ತಂಗಿಯನ್ನು ಓದಿಸಿದಳು. ತಂಗಿ ನರ್ಸ್ ಆದಳು, ಮದುವೆಯಾಗಿ ಬೇರೆ ಊರಿಗೆ ಹೋದಳು, ಒಂದು ಹೆಣ್ಣುಮಗುವಿನ ತಾಯಿಯಾದಳು. ಹನಿಯಕ್ಕನ ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ 'ತಂಗಿಯ ಓದು ಮುಗೀಲಿ' ಎಂಬಲ್ಲಿಗೆ ನಿಂತಿತು. ಓದು ಮುಗಿಯುವ ಹೊತ್ತಿಗೆ ಕೇಳುವವರು ಇರಲಿಲ್ಲ. ಅದನ್ನು ಅವಳು ದೊಡ್ಡ ದುಃಖವೆಂದು ಯಾರ ಹತ್ತಿರವೂ ಹೇಳಿಕೊಂಡವಳಲ್ಲ.

ಅವಳಿಗೆ ಒಂದೇ ಒಂದು ಆಸೆ ಇತ್ತು. ಚಿಕ್ಕಂದಿನ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಊಟಕ್ಕೆ ಕೂತರೆ ಬಾಗಿಲ ದಾರಿಯಲ್ಲೇ ಕೂರಬೇಕು. ಯಾರಾದರೂ ಒಳಗೆ ಬಂದರೆ, ಹೊರಗೆ ಹೋದರೆ, ತಟ್ಟೆ ಎತ್ತಿಕೊಂಡು ಏಳಬೇಕು. ಒಂದು ಊಟ ಮುಗಿಯುವಷ್ಟರಲ್ಲಿ ನಾಲ್ಕು ಸಲ ಏಳುತ್ತಿದ್ದರು. ಏಳದೆ ಉಣ್ಣುವ ಜಾಗ ಬೇಕು, ಉಣ್ಣುವುದಕ್ಕೇ ಅಂತ ಒಂದು ಕೋಣೆ ಬೇಕು. ಇದು ಅವಳ ಆಸೆ.

ಐದು ವರ್ಷಗಳ ಹಿಂದೆ ಅದು ಕೈಗೂಡಿತು. ಮೂರನೆಯ ಅಂತಸ್ತಿನಲ್ಲಿ ಪುಟ್ಟ ಮನೆಯೊಂದನ್ನು ತನ್ನ ಹೆಸರಿಗೆ ಮಾಡಿಕೊಂಡಳು. ಅಡಿಗೆಮನೆಗೂ ನಡುಮನೆಗೂ ಮಧ್ಯೆ ಒಂದು ಊಟದ ಕೋಣೆ, ಪೂರ್ವಕ್ಕೆ ಒಂದು ಕಿಟಕಿ. ಮೇಜು ತಂದಳು, ನಾಲ್ಕು ಕುರ್ಚಿ ತಂದಳು. ತಂಗಿಗೊಂದು, ಅವಳ ಗಂಡನಿಗೊಂದು, ಮಗುವಿಗೊಂದು, ತನಗೊಂದು. ಗೋಡೆಗೆ ಬೆಣ್ಣೆಯ ಬಣ್ಣ ಹೊಡೆಯಬೇಕು ಅಂತ ಎಂದೋ ತೀರ್ಮಾನವಾಗಿತ್ತು. ಆಗತಾನೆ ಕಡೆದು ತೆಗೆದ ಬೆಣ್ಣೆ, ಬಿಳಿಯೂ ಅಲ್ಲದ, ಹಳದಿಯೂ ಅಲ್ಲದ ಬಣ್ಣ.

ಪೇಂಟರನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಊಟದ ಕೋಣೆಗೆ ಮೊದಲು ಕಾಲಿಡಬೇಕಾದವರು ತಂಗಿಯ ಮನೆಯವರು ಅಂತ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮೂರು ಭಾನುವಾರ ತಾನೇ ಏಣಿ ಹತ್ತಿ, ತಾನೇ ಉಜ್ಜಿ, ತಾನೇ ಬೆರೆಸಿ ಹೊಡೆದಳು. ಬೆರೆಸುವಾಗ ಯಾಕೋ ಹಳದಿ ಬೇಗನೆ ಹೆಚ್ಚಾದ ಹಾಗೆ ಕಂಡಿತು. ಹಳದಿಯನ್ನು ಅಡಗಿಸಲು ನೇರಳೆಯ ಒಂದು ಹನಿ ಬಿಡುವುದು ಹಳೆಯ ಉಪಾಯ. ಬಿಟ್ಟಳು. ಇನ್ನೊಂದು ಹನಿ. ಇನ್ನೊಂದು ಹನಿ. ಕೊನೆಗೆ ಮನಸ್ಸಿನಲ್ಲಿದ್ದ ಬೆಣ್ಣೆ ಬಟ್ಟಲಿಗೆ ಬಂತು.

"ಕೋಣೆ ಆಯ್ತು ಕಣೇ, ಯಾವಾಗ ಬರ್ತೀರಿ?" ಎಂದು ಫೋನಿನಲ್ಲಿ ಕೇಳಿದಳು.

"ಮುಂದಿನ ತಿಂಗಳು ಖಂಡಿತ ಅಕ್ಕ. ಇವಳಿಗೆ ಪರೀಕ್ಷೆ ಮುಗಿದುಬಿಡಲಿ."

ಪರೀಕ್ಷೆ ಮುಗಿಯಿತು. ಆಮೇಲೆ ಅವಳ ಗಂಡನಿಗೆ ವರ್ಗವಾಯಿತು. ಆಮೇಲೆ ತಂಗಿಗೆ ರಾತ್ರಿ ಪಾಳಿ ಬಂತು. ನೋಡಬೇಕೆನಿಸಿದಾಗಲೆಲ್ಲ ಹನಿಯಕ್ಕನೇ ಬಸ್ಸು ಹತ್ತಿ ಹೋಗಿಬಂದಳು. ಇಲ್ಲಿ ಅವಳ ಊಟ ಅಡಿಗೆಮನೆಯ ಕಟ್ಟೆಯ ಪಕ್ಕ ನಿಂತೇ ಆಗುತ್ತಿತ್ತು. ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆ ನೋಡುವಳು, ಮೇಜಿನ ಧೂಳು ಒರೆಸುವಳು, ದೀಪ ಆರಿಸುವಳು.

ಅಂಗಡಿಯಲ್ಲೂ ಕಾಲ ಬದಲಾಗಿತ್ತು. ಬಣ್ಣ ಬೆರೆಸುವ ಮಿಷನ್ ಬಂದಿತ್ತು. ಶೇಡ್ ಕಾರ್ಡಿನ ನಂಬರ್ ಒತ್ತಿದರೆ ಅದೇ ಹನಿ ಎಣಿಸಿ ಬಿಡುತ್ತಿತ್ತು. ಹಳೆಯ ಗೋಡೆಗೆ ಹೊಂದಿಸುವ ಕೆಲಸ ಮಾತ್ರ ಅವಳ ಕೈಯಲ್ಲಿ ಉಳಿದಿತ್ತು, ಯಾಕೆಂದರೆ ಬಿಸಿಲು ತಿಂದ ಗೋಡೆಗೆ ನಂಬರ್ ಇರುವುದಿಲ್ಲ. "ಮಿಷನ್ನಿಗೆ ಬುದ್ಧಿ ಇದೆ, ಹನಿಯಕ್ಕನಿಗೆ ಕಣ್ಣಿದೆ" ಎಂದು ಸಾಹುಕಾರರು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ಅವಳಿಗೆ ನಿಂತು ತಿಂದ ಊಟವೂ ರುಚಿಸುತ್ತಿತ್ತು.

ಕಳೆದ ವರ್ಷ ಆ ಕಣ್ಣಿನ ಸಂಗತಿ ಬಯಲಿಗೆ ಬಂತು. ಅಂಗಡಿಗೆ ಹೊಸದಾಗಿ ಬರುತ್ತಿದ್ದ ಗಡ್ಡದ ಪೇಂಟರ್ ಒಬ್ಬ ಅವಳು ಬೆರೆಸಿಕೊಟ್ಟ ಡಬ್ಬವನ್ನು ವಾಪಸ್ ತಂದು ಹಲಗೆಯ ಮೇಲೆ ಕುಕ್ಕಿದ.

"ನೋಡಿ ಸಾಹುಕಾರ್ರೇ, ಮೆಟ್ಟಿಲ ಗೋಡೆಗೆ ಹೊಡೆದ್ರೆ ಮೈಮೇಲೆ ಏಟು ಬಿದ್ದು ನೀಲಿಗಟ್ಟಿದ ಹಾಗಿದೆ. ಮನೆಯವರು ನನ್ನ ಹೊಡೆಯೋದೊಂದು ಬಾಕಿ."

"ಒಣಗೋಕೆ ಬಿಟ್ಟಿಲ್ಲ ನೀನು" ಎಂದಳು ಹನಿಯಕ್ಕ.

"ನಿನ್ನೆಯಿಂದ ಒಣಗ್ತಾ ಇದೆ ತಾಯಿ. ಇನ್ನೂ ಒಣಗಿದ್ರೆ ಉದುರಿ ಹೋಗುತ್ತೆ."

ಅಲ್ಲಿದ್ದವರೆಲ್ಲ ನಕ್ಕರು. ಹಳೆಯ ಪೇಂಟರ್ ಮಾತ್ರ ನಗಲಿಲ್ಲ. ಅವನಿಗೂ ಈಗ ತಲೆ ನರೆತಿತ್ತು. ಅವನು ಗಡ್ಡದವನ ಕೈಯಿಂದ ಗೋಡೆಯ ಚಕ್ಕೆಯನ್ನೂ ಅವಳ ರಟ್ಟಿನ ಪಟ್ಟಿಯನ್ನೂ ಇಸಿದುಕೊಂಡು, "ಅಕ್ಕ, ಸ್ವಲ್ಪ ಬಾಗಿಲ ಹತ್ರ ಬನ್ನಿ" ಎಂದ. ಬೆಳಕಿನಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದ.

"ಬೇರೆ ಬೇರೆ ಕಾಣ್ತಿದೆಯಾ?"

"ಒಂದೇ ಅಲ್ವೇನಪ್ಪ. ಬೇರೆ ಎಲ್ಲಿದೆ?"

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಹೊಂದಿಕೆಯಾಗದ ಬಣ್ಣವನ್ನು ಗಿರಾಕಿಗೆ ತೋರಿಸುವಾಗ ಅವನ ಮುಖ ಹೇಗಾಗುತ್ತದೆ ಎಂದು ಅವಳಿಗೆ ಇಪ್ಪತ್ತೈದು ವರ್ಷದಿಂದ ಗೊತ್ತು. ಅದೇ ಮುಖ ಅವಳ ಮುಂದಿತ್ತು.

"ಕಣ್ಣು ತೋರಿಸಿಕೊಳ್ಳಿ ಅಕ್ಕ" ಎಂದ, ಮೆಲ್ಲಗೆ.

"ನಿನ್ನದು ತೋರಿಸ್ಕೋ ಮೊದಲು" ಎಂದು ಸರ್ರನೆ ಒಳಗೆ ಹೋದಳು. ಹದಿನೈದು ದಿನ ಅವನೊಂದಿಗೆ ಮಾತು ಬಿಟ್ಟಳು. ಹದಿನಾರನೆಯ ದಿನ ಕಣ್ಣಾಸ್ಪತ್ರೆಗೆ ಹೋದಳು. ಎರಡೂ ಕಣ್ಣಿಗೆ ಪೊರೆ, ಬಂದು ಬಹಳ ವರ್ಷವಾಗಿರಬೇಕು, ಮೊದಲು ಬಲಗಣ್ಣು, ಆರು ತಿಂಗಳು ಬಿಟ್ಟು ಎಡಗಣ್ಣು ಎಂದರು ಡಾಕ್ಟರು.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಕಾಗದ ಹಿಡಿದುಕೊಂಡು ಬಂದಳು. "ಜೊತೆಗೆ ಯಾರು ಬಂದಿದ್ದಾರಮ್ಮ? ಅವರ ಸಹಿ ಬೇಕು."

"ತಂಗಿ ಇದ್ದಾಳೆ. ಅವಳಿಗೆ ರಜೆ ಸಿಗಲಿಲ್ಲ."

"ಇಲ್ಲಿರೋರು ಬೇಕಮ್ಮ."

ಪಕ್ಕದ ಹಾಸಿಗೆಯ ಅಜ್ಜಿಗೆ ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ಒಬ್ಬ ಅಳಿಯ ಬಂದಿದ್ದರು. ಹಾಸಿಗೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಆ ಸೊಸೆ ತಿರುಗಿ ನೋಡಿ, "ಕೊಡಿ ಇಲ್ಲಿ, ನಮ್ಮತ್ತೆಗೆ ಹಾಕಿದ್ದೀನಲ್ಲ, ನಿಮಗೂ ಒಂದು ಹಾಕ್ತೀನಿ" ಎಂದು ಪೆನ್ನು ತೆಗೆದಳು. "ಸಂಬಂಧ ಅಂತ ಇದೆ. ಏನು ಬರೀಲಿ?"

"ಪಕ್ಕದ ಹಾಸಿಗೆ ಅಂತ ಬರೀರಿ" ಎಂದಳು ಹನಿಯಕ್ಕ. ಅಜ್ಜಿ ಸಹಿತ ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗು ಮುಗಿದ ಮೇಲೆ ಗೋಡೆಯ ಕಡೆಗೆ ಮಗ್ಗುಲಾದಳು.

ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಕೊಟ್ಟು ಕಳಿಸಿದರು. ಮನೆಗೆ ಬಂದು ಕನ್ನಡಕ ತೆಗೆದಿಟ್ಟು, ಚಹಾಕ್ಕೆ ನೀರಿಡಲು ಅಡಿಗೆಮನೆಗೆ ಹೊರಟಳು. ದಾರಿಯಲ್ಲಿ ಊಟದ ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿಯಿಂದ ಹತ್ತು ಗಂಟೆಯ ಬಿಸಿಲು ಗೋಡೆಗೆ ಬಿದ್ದಿತ್ತು.

ಅವಳು ನಿಂತಲ್ಲೇ ನಿಂತಳು. ಮನೆ ತಪ್ಪಿ ಬಂದೆನೇ ಅನ್ನಿಸಿತು. ಗೋಡೆ ಬೆಣ್ಣೆಯ ಬಣ್ಣದ್ದಾಗಿರಲಿಲ್ಲ. ನೀಲಿ ಹೆಚ್ಚಾಗಿ ಹಾಕಿ ಒಗೆದ ಬಿಳಿ ಬಟ್ಟೆಯ ಹಾಗೆ, ಆಗತಾನೆ ಬಿಟ್ಟುಬಂದ ಆಸ್ಪತ್ರೆಯ ಕಾರಿಡಾರಿನ ಹಾಗೆ, ಮೂಲೆಗಳಲ್ಲಿ ನೇರಳೆಗೆ ತಿರುಗಿ ತಣ್ಣಗೆ ನಿಂತಿತ್ತು.

ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಬೆಣ್ಣೆ. ಎಡಗಣ್ಣನ್ನು ಮುಚ್ಚಿದಳು. ಆಸ್ಪತ್ರೆ. ಮತ್ತೆ ಬಲ, ಮತ್ತೆ ಎಡ. ಚಹಾಕ್ಕೆ ನೀರಿಡುವುದು ಮರೆತೇಹೋಯಿತು.

ಬಣ್ಣ ತಪ್ಪಿದ್ದು ಅವಳನ್ನು ಅಷ್ಟಾಗಿ ಕಾಡಲಿಲ್ಲ. ಬಣ್ಣ ಇನ್ನೊಮ್ಮೆ ಹೊಡೆಯಬಹುದು. ಕಾಡಿದ್ದು ಬೇರೆ. ನಾಲ್ಕು ವರ್ಷದಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಈ ಕುರ್ಚಿಯಲ್ಲಿ ಬಂದು ಕೂತಿದ್ದರೆ, ಮೊದಲ ತುತ್ತು ಬಾಯಿಗಿಡುವ ಮುಂಚೆ ತಲೆಯೆತ್ತಿ, 'ಇದೇನೇ ಇದು ಬಣ್ಣ?' ಅನ್ನುತ್ತಿದ್ದರು. ಮಗುವಾದರೂ ಅನ್ನುತ್ತಿತ್ತು. ಯಾರೂ ಅನ್ನಲಿಲ್ಲ ಎಂದರೆ ಯಾರೂ ಕೂರಲಿಲ್ಲ. ಅದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೆ ನಾಲ್ಕು ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಬಳಿದಿದ್ದನ್ನು ಅವಳು ನೋಡಿರಲಿಲ್ಲ.

ಸಂಜೆ ತಂಗಿ ಫೋನ್ ಮಾಡಿದಳು. "ಹೇಗಿದೆ ಅಕ್ಕ ಕಣ್ಣು? ಹನಿ ಸರಿಯಾಗಿ ಹಾಕ್ಕೋತಿದ್ದೀಯಾ? ನಾಲ್ಕು ಹೊತ್ತು, ಕೈ ತೊಳ್ಕೊಂಡು."

"ಹಾಕ್ಕೋತಿದ್ದೀನಿ ಕಣೇ. ಊಟದ ಕೋಣೆ ಬಣ್ಣ ಬದಲಾಯಿಸಬೇಕು ಅಂತಿದ್ದೀನಿ. ನೀನು ಬಂದು ನೋಡಿ ಹೇಳು, ಆಮೇಲೆ ಹೊಡೆಸ್ತೀನಿ."

"ಬೆಣ್ಣೆ ಬಣ್ಣ ಅಲ್ವಾ ಅದು? ಚೆನ್ನಾಗೇ ಇರುತ್ತೆ ಬಿಡು."

"ನೀನು ನೋಡಿಲ್ವಲ್ಲ."

ಆ ಕಡೆ ಯಾವುದೋ ಪಾತ್ರೆಯ ಸದ್ದು ಕೇಳಿಸಿತು. "ಬೇಜಾರು ಮಾಡ್ಕೋಬೇಡ ಅಕ್ಕ. ಈ ವರ್ಷ ಬರೋಕಾಗುತ್ತೋ ಇಲ್ವೋ, ಸುಳ್ಳು ಹೇಳಲ್ಲ. ನಿನಗೆ ಇಷ್ಟ ಬಂದಿದ್ದು ಹೊಡೆಸು. ಅಲ್ಲಿರೋಳು ನೀನು ತಾನೇ?"

"ಹೂಂ" ಎಂದಳು. ತಂಗಿ 'ಮುಂದಿನ ತಿಂಗಳು' ಅನ್ನದೇ ಇದ್ದದ್ದು ಇದೇ ಮೊದಲು. ಅದು ಹೆಚ್ಚು ನೋವಾಯಿತೋ, ಹಗುರವಾಯಿತೋ ಅವಳಿಗೆ ತಿಳಿಯಲಿಲ್ಲ.

ಒಂದು ತಿಂಗಳು ರಜೆ. ಧೂಳಿಗೆ ಹೋಗಕೂಡದು, ಬಗ್ಗಕೂಡದು, ಭಾರ ಎತ್ತಕೂಡದು. ನಾಲ್ಕು ಹೊತ್ತು ಮಂಚದ ಮೇಲೆ ಅಂಗಾತ ಮಲಗಿ, ರೆಪ್ಪೆ ಎಳೆದುಕೊಂಡು ಹನಿ ಹಾಕಿಕೊಳ್ಳುವುದು. ಎರಡರಲ್ಲಿ ಒಂದು ಕೆನ್ನೆಗೆ ಬೀಳುತ್ತಿತ್ತು. ಬಟ್ಟಲಿಗೆ ಲೆಕ್ಕ ತಪ್ಪದೆ ಹನಿ ಬಿಟ್ಟ ಕೈ, ಸ್ವಂತ ಕಣ್ಣು ಸಿಗದೆ ತಡಕಾಡುತ್ತಿತ್ತು.

ರಜೆ ಮುಗಿಸಿ ಹೋದ ದಿನ ಅವಳು ಮೊದಲು ಮಾಡಿದ ಕೆಲಸ ಅಟ್ಟದ ಮೇಲಿದ್ದ ಚಪ್ಪಲಿ ಡಬ್ಬಿಗಳನ್ನು ಇಳಿಸಿದ್ದು. ಬೆರೆಸಿದ ಒಂದೊಂದು ಬಣ್ಣದ ಪಟ್ಟಿಗೂ ಹಿಂದೆ ತಾರೀಖು, ಯಾರ ಮನೆ, ಎಷ್ಟು ಹನಿ ಎಂದು ಬರೆದು ವರ್ಷವಾರು ಇಟ್ಟಿದ್ದಳು. ಇಪ್ಪತ್ತು ಡಬ್ಬಿಗಳವರೆಗೆ ಎಲ್ಲ ಸರಿಯಿತ್ತು. ಆಮೇಲಿನ ಡಬ್ಬಿಗಳಲ್ಲಿ ಪಟ್ಟಿಗಳು ಒಂದೊಂದಾಗಿ ನೀಲಿಗೆ ತಿರುಗುತ್ತಾ, ತಣ್ಣಗಾಗುತ್ತಾ ಬಂದಿದ್ದವು. ಕಡೆಯ ಡಬ್ಬಿಯನ್ನು ಅವಳು ಪೂರ್ತಿ ನೋಡಲಿಲ್ಲ.

ಆಗ ಅವಳಿಗೆ ಹೊಳೆಯಿತು. ಇಷ್ಟೆಲ್ಲ ತಪ್ಪಿದ್ದರೂ ಗಡ್ಡದವನದೊಂದು ಬಿಟ್ಟರೆ ಯಾವ ಡಬ್ಬವೂ ವಾಪಸ್ ಬಂದಿರಲಿಲ್ಲ. ಆ ಪಟ್ಟಿಗಳಲ್ಲಿ ಹೆಚ್ಚುಪಾಲು ಹಳೆಯ ಪೇಂಟರ್ ಒಯ್ದವು.

ಮಧ್ಯಾಹ್ನ ಅವನು ಬಂದಾಗ ಡಬ್ಬಿಯನ್ನು ಅವನ ಮುಂದಿಟ್ಟಳು. "ಇದೆಲ್ಲ ಗೋಡೆಗೆ ಹೇಗಪ್ಪ ಹೊಂದಿತು?"

ಪೇಂಟರ್ ಸಿಕ್ಕಿಬಿದ್ದ ಶಾಲೆಯ ಹುಡುಗನ ಹಾಗೆ ಕತ್ತು ತುರಿಸಿಕೊಂಡ. ಕೊನೆಗೆ ಕೈಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದು ತೋರಿಸಿದ. ಹಳದಿ ಸ್ಟೈನರ್. ತಳದಲ್ಲಿ ಸ್ವಲ್ಪ ಉಳಿದಿತ್ತು.

"ಅಲ್ಲಿ ಹೋಗಿ ನಾನೇ ನಾಲ್ಕು ಹನಿ ಬಿಟ್ಕೋತಿದ್ದೆ."

"ಎಷ್ಟು ವರ್ಷದಿಂದ?"

"ಇದು ಐದನೇ ಬಾಟ್ಲಿ ಅಕ್ಕ."

ಅವಳಿಗೆ ಸಿಟ್ಟು ಬಂತು. "ಮೊದಲೇ ಬಾಯಿಬಿಡೋಕೆ ಏನಾಗಿತ್ತು ನಿನಗೆ?"

"ಹೇಗೆ ಹೇಳ್ಲಿ? ಮಿಷನ್ ಬಂದಾಗಿತ್ತು. ನಿಮ್ಮ ಕಣ್ಣಿನ ಮೇಲೇ ಸಾಹುಕಾರ್ರು ನಿಮ್ಮನ್ನ ಇಟ್ಕೊಂಡಿದ್ರು. ನನ್ನ ಬಾಯಿಂದ ಬಂದ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ."

"ನಾಲ್ಕು ವರ್ಷದಿಂದ ನನ್ನ ಊಟದ ಕೋಣೆ ನೇರಳೆ ಬಣ್ಣ ಬಳ್ಕೊಂಡು ನಿಂತಿದೆ ಕಣೋ. ಅದಕ್ಕಾದ್ರೂ ನಾಲ್ಕು ಹನಿ ಬಿಡಬಾರದಿತ್ತಾ?"

"ನೀವು ಕರೀಲಿಲ್ವಲ್ಲ ಅಕ್ಕ" ಎಂದ ಅವನು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. "ನಿಮ್ಮ ಮನೆ ಯಾವ ಬೀದೀಲಿದೆ ಅಂತ್ಲೇ ನಮಗ್ಯಾರಿಗೂ ಗೊತ್ತಿಲ್ಲ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಇಪ್ಪತ್ತಾರು ವರ್ಷ ಅವನು ಈ ಹಲಗೆಯ ಆ ಕಡೆ, ತಾನು ಈ ಕಡೆ. ಅವನಿಗೆ ಎಷ್ಟು ಮಕ್ಕಳೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆ ವಾರ ಬಣ್ಣ ಆರಿಸಲು ಕೂತಳು. ಇದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಬಲಗಣ್ಣಿನಲ್ಲಿ ನೋಡಿಕೊಂಡು ಬೆಣ್ಣೆಯನ್ನು ಬೆರೆಸಿದರೆ ಎಡಗಣ್ಣಿಗೆ ಅದು ಸಾಸಿವೆ ಅರೆದಂತೆ ಕಂಡಿತು. ಎಡಗಣ್ಣಿಗೆ ಹಿತವಾದದ್ದನ್ನು ಬಲಗಣ್ಣು ಒಪ್ಪಲಿಲ್ಲ. ಎರಡೂ ತೆರೆದರೆ ಗೊಂದಲ. ಬೇರೆಯವರಿಗೆ ಸಾವಿರ ಮನೆಯ ಬಣ್ಣ ಹೇಳಿದವಳು ಅವಳು. ಚಿಕ್ಕ ಕೋಣೆಗೆ ತೆಳು ಬಣ್ಣ, ಊಟದ ಕೋಣೆಗೆ ಬೆಳಕಿನ ಬಣ್ಣ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಅಂಗಡಿಯಲ್ಲಿ ಅವಳ ಪೇಚಾಟ ನೋಡಿ ಪೇಂಟರ್ ಒಂದು ಪ್ರಶ್ನೆ ಕೇಳಿದ. "ಆ ಕೋಣೇಲಿ ಊಟ ಮಾಡೋದು ಯಾರು?"

"ತಂಗಿ ಮನೆಯವರು ಬಂದಾಗ..."

"ಬಂದಾಗ ಅಲ್ಲ. ದಿನಾ."

"...ನಾನು." ಅದೂ ಸುಳ್ಳೇ.

"ಎಷ್ಟು ಹೊತ್ತಿಗೆ? ಯಾವ ಕುರ್ಚೀಲಿ? ಗಿರಾಕಿಗೆ ನೀವೇ ಅಲ್ವಾ ಹೇಳೋದು, ಇರೋ ಹೊತ್ತಲ್ಲಿ, ಇರೋ ಜಾಗದಲ್ಲಿ ಕೂತು ನೋಡಿ ಅಂತ?"

ಅಂದು ಸಂಜೆ ಏಳು ಗಂಟೆಗೆ ತಟ್ಟೆಗೆ ಊಟ ಬಡಿಸಿಕೊಂಡು ಊಟದ ಕೋಣೆಗೆ ಹೋದಳು. ಯಾವ ಕುರ್ಚಿ ತನ್ನದೆಂದು ಗೊತ್ತಾಗಲಿಲ್ಲ. ನಾಲ್ಕರಲ್ಲೂ ಒಂದೊಂದು ಸಲ ಕೂತು ನೋಡಿದಳು. ಅಡಿಗೆಮನೆಗೆ ಬೆನ್ನು ಹಾಕಿದ್ದು, ಮೊದಲಿನಿಂದ ಮಗುವಿನದು ಅಂದುಕೊಂಡಿದ್ದು, ಅದರಲ್ಲಿ ಕೂತರೆ ಕಿಟಕಿಯೂ ಬಾಗಿಲೂ ಎರಡೂ ಕಾಣುತ್ತಿದ್ದವು. ಅಲ್ಲೇ ಕೂತಳು. ಎದುರಿನ ಗೋಡೆಗೆ ಅಂಟಿಸಿದ್ದ ಹನ್ನೊಂದು ಪಟ್ಟಿಗಳನ್ನು ನೋಡುತ್ತಾ ಉಂಡಳು. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಎರಡು ಕಣ್ಣಿಗೂ ಬೇರೆ ಬೇರೆ ಕಂಡದ್ದನ್ನು ಎದ್ದು ಹೋಗಿ ಕಿತ್ತುಹಾಕಿದಳು. ಬೆಣ್ಣೆ ಹೋಯಿತು. ತಿಳಿ ಹಸಿರು ಹೋಯಿತು. ಬೂದಿ ಹೋಯಿತು. ಮೊದಲೇ ಲೆಕ್ಕಕ್ಕಿಲ್ಲದ ಆಕಾಶನೀಲಿ ಹೋಯಿತು.

ಕೊನೆಗೆ ಒಂದು ಉಳಿಯಿತು. ಸುಟ್ಟ ಮಡಕೆಯ ಕೆಂಪು. ಅದನ್ನು ಸುಮ್ಮನೆ ಲೆಕ್ಕಕ್ಕಿರಲಿ ಎಂದು ಅಂಟಿಸಿದ್ದಳು. ಚಿಕ್ಕ ಕೋಣೆಗೆ ಅಂಥದ್ದನ್ನು ಕೇಳಿದ ಗಿರಾಕಿಗಳಿಗೆ 'ಗುಹೆಯಲ್ಲಿ ಕೂತು ಉಣ್ಣಬೇಕೇನ್ರಿ?' ಎಂದು ಗದರಿಸಿದವಳು ಅವಳೇ. ಬಲಗಣ್ಣಿಗೆ ಅದೇ ಕೆಂಪು, ಎಡಗಣ್ಣಿಗೂ ಅದೇ ಕೆಂಪು. ಪೊರೆ ನೀಲಿಯನ್ನು ನುಂಗುತ್ತದೆ, ಬೆಳ್ಳಗಿದ್ದದ್ದನ್ನು ಹಳದಿ ಮಾಡುತ್ತದೆ, ಸುಟ್ಟ ಮಣ್ಣಿನ ಕೆಂಪನ್ನು ಮಾತ್ರ ಹಾಗೇ ಬಿಡುತ್ತದೆ. ಕೆನ್ನೆಯ ಹತ್ತಿರ ಹಿಡಿದ ಕೈಯ ಬಿಸಿಯ ಹಾಗೆ ಅದು ದೀಪದ ಬೆಳಕಿನಲ್ಲಿ ಅವಳತ್ತ ತಿರುಗಿ ನಿಂತಿತ್ತು. ತಂಗಿಗೆ ಇಷ್ಟವಾಗಲಾರದು. ಮಗುವಿಗಂತೂ ಇಲ್ಲ.

ಮರುದಿನ ಪೇಂಟರಿಗೆ ಮನೆಯ ವಿಳಾಸವನ್ನು ಪಟ್ಟಿಯ ಹಿಂದೆ ಬರೆದುಕೊಟ್ಟಳು. "ಭಾನುವಾರ ಬಾ."

ಅವನು ಪಟ್ಟಿಯನ್ನು ತಿರುಗಿಸಿ ಬಣ್ಣ ನೋಡಿದ. ಹುಬ್ಬೇರಿಸಿದ. "ಗುಹೆ?"

"ಗುಹೆಯೇ. ನಿನಗೇನು ಕಷ್ಟ? ಎರಡು ಕೋಟು ಹೊಡಿ."

ಮೊದಲ ಭಾನುವಾರ ಅವನು ಬಂದು ಮೇಜನ್ನು ನಡುವಿಗೆ ಎಳೆದು, ಹಳೆಯ ಬಟ್ಟೆ ಹೊದಿಸಿ, ಗೋಡೆ ಉಜ್ಜಿ, ಮೊದಲ ಕೋಟು ಹೊಡೆದ. ಅವಳು ಬೆಳಿಗ್ಗೆ ಆರಕ್ಕೇ ಎದ್ದು ಇಬ್ಬರಿಗೆ ಅಡಿಗೆ ಮಾಡಿದ್ದಳು. ಊಟದ ಹೊತ್ತಾಯಿತು. ಅವನು ಕೈತೊಳೆದುಕೊಂಡು, ತನ್ನ ಬುತ್ತಿ ತೆಗೆದುಕೊಂಡು, ಖಾಲಿ ಡಬ್ಬವೊಂದನ್ನು ಮುಂಬಾಗಿಲ ಹೊರಗೆ ಮೆಟ್ಟಿಲ ಬಳಿ ಬೋರಲು ಹಾಕಿ ಅದರ ಮೇಲೆ ಕೂತ.

"ಒಳಗೆ ಮೇಜಿದೆಯಲ್ಲಪ್ಪ" ಎಂದಳು.

"ಬಟ್ಟೆಯೆಲ್ಲಾ ಬಣ್ಣ ಅಕ್ಕ. ಮೂವತ್ತು ವರ್ಷದಿಂದ ಊಟದ ಕೋಣೆಗಳಿಗೆ ಬಣ್ಣ ಹೊಡೀತಿದ್ದೀನಿ, ಊಟ ಯಾವತ್ತೂ ಡಬ್ಬದ ಮೇಲೇ. ಒಗ್ಗಿಬಿಟ್ಟಿದೆ."

ಅವಳು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವ ರೂಢಿ ಅವಳಿಗೆ ತಪ್ಪಿಹೋಗಿತ್ತು. ಇಬ್ಬರಿಗೆ ಮಾಡಿದ್ದು ಮರುದಿನಕ್ಕೂ ಆಯಿತು.

ಎರಡನೆಯ ಭಾನುವಾರ ಕೈಚೀಲದಲ್ಲಿ ಬ್ರಷ್ಷಿನ ಜೊತೆ ಒಂದು ಮಡಚಿದ ಅಂಗಿ ಇತ್ತು. ಎರಡನೆಯ ಕೋಟು ಮುಗಿಸಿ, ಗೋಡೆ ಒಣಗುವವರೆಗೆ ಕಾದು, ಅವನು ಅದನ್ನು ತೊಟ್ಟುಕೊಂಡು ಬಂದ. ಮಡಿಕೆಯ ಗೆರೆ ಎದೆಯ ಮೇಲೆ ಎದ್ದು ಕಾಣುತ್ತಿತ್ತು. ಬಾಗಿಲ ಹತ್ತಿರದ ಕುರ್ಚಿಯ ಅಂಚಿನಲ್ಲಿ, ಮೊಣಕೈ ಎಲ್ಲೂ ತಗಲದ ಹಾಗೆ ಮೈ ಹಿಡಿದುಕೊಂಡು ಕೂತ. ಅವಳು ಬಡಿಸಿದಳು. ಹಲಗೆಯ ಆಚೀಚೆ ನಿಂತು ಆಡಿದ ಮಾತು ಮೇಜಿಗೆ ಬರಲಿಲ್ಲ.

"ಮಕ್ಕಳೆಷ್ಟು ನಿನಗೆ?" ಎಂದು ಕೇಳಿದಳು.

"ಒಬ್ಬಳು. ಮದುವೆಯಾಗಿದೆ." ಅನ್ನ ಕಲಸಿಕೊಳ್ಳುತ್ತಾ, "ಮನೇಲಿ ನಾನೂ ಒಬ್ಬನೇ ಅಕ್ಕ, ಆರು ವರ್ಷ ಆಯ್ತು" ಎಂದ.

ಅವಳು ತಟ್ಟೆಯಿಂದ ತಲೆಯೆತ್ತಿದಳು. ಇದೂ ಅವಳಿಗೆ ಗೊತ್ತಿರಲಿಲ್ಲ. ಇನ್ನೂ ಸ್ವಲ್ಪ ಬಡಿಸಲೇ ಎಂದಳು. ಸಾಕು ಎಂದ. ತಿಂದು ಮುಗಿಸಿ, ತಟ್ಟೆಯನ್ನು ತಾನೇ ತೊಳೆದಿಟ್ಟು, ಬಾಗಿಲಲ್ಲಿ ನಿಂತು ಗೋಡೆಯನ್ನು ಕಸುಬಿನ ಕಣ್ಣಿನಿಂದ ಒಮ್ಮೆ ನೋಡಿದ.

"ಗುಹೆ ಬೆಚ್ಚಗಿದೆ" ಎಂದು ಹೇಳಿ, ಏಣಿ ಹೊತ್ತುಕೊಂಡು ಮೆಟ್ಟಿಲಿಳಿದ. ಏಣಿ ಮೂರು ಅಂತಸ್ತು ಗೋಡೆಗೆ ತಾಗುತ್ತಾ ಹೋದ ಸದ್ದು ಕೊನೆಯವರೆಗೂ ಕೇಳಿಸಿತು.

ಅದಾದ ಮೇಲೆ ಎಡಗಣ್ಣಿನ ಆಪರೇಷನ್ನೂ ಆಯಿತು. ಸಹಿ ಪೇಂಟರ್ ಹಾಕಿದ. ಸಂಬಂಧ ಎಂಬಲ್ಲಿ ಏನು ಬರೆದನೋ ಅವಳು ನೋಡಲಿಲ್ಲ. ಮನೆಗೆ ಬಂದು ಎಡಗಣ್ಣಿನ ಪಟ್ಟಿ ಬಿಚ್ಚಿದಾಗ ಗೋಡೆ ಬದಲಾಗಿರಲಿಲ್ಲ. ತಂಗಿ ಇನ್ನೂ ಬಂದಿಲ್ಲ. ಬಣ್ಣದ ಫೋಟೋ ಕಳಿಸಿದರೆ, 'ಅಯ್ಯೋ ಇಷ್ಟು ಕೆಂಪಾ!' ಎಂದಳು.

ಈಗ ಹನಿಯಕ್ಕ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋಗುತ್ತಾಳೆ. ಬೆರೆಸಿದ ಪ್ರತಿಯೊಂದು ಬಣ್ಣವನ್ನೂ ಬಾಗಿಲ ಬೆಳಕಿನಲ್ಲಿ ಇನ್ನೊಬ್ಬರಿಗೆ ತೋರಿಸಿ, ಅವರು ಹೂಂ ಎಂದ ಮೇಲೆಯೇ ಮುಚ್ಚಳ ಹಾಕುತ್ತಾಳೆ. ಸಂಜೆ ಏಳಕ್ಕೆ ಊಟದ ಕೋಣೆಯಲ್ಲಿ, ಅಡಿಗೆಮನೆಗೆ ಬೆನ್ನು ಹಾಕಿದ ಕುರ್ಚಿಯಲ್ಲಿ ಕೂತು ಉಣ್ಣುತ್ತಾಳೆ. ಊಟ ಮುಗಿಯುವವರೆಗೂ ಒಮ್ಮೆಯೂ ಏಳುವುದಿಲ್ಲ.